ಪೀಠಿಕೆಯ ಪದಗಳು: ಬಾಯಿಪಾಠದಿಂದ ಅರ್ಥದೆಡೆಗೆ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯ ವಾಚನವನ್ನು ಕಡ್ಡಾಯಗೊಳಿಸಲು ರಾಜ್ಯ ಸಚಿವ ಸಂಪುಟವು 2023ರಲ್ಲಿ ತೀರ್ಮಾನಿಸಿತು. ಮಕ್ಕಳು ಅದನ್ನು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಪದಗಳ ಅರ್ಥ ತಿಳಿಯದ ಮಗುವಿಗೆ ತನ್ನ ಹಕ್ಕು ಕೈತಪ್ಪಿದಾಗ ಅದನ್ನು ಕೇಳುವ ಮಾತೂ ತಿಳಿದಿರುವುದಿಲ್ಲ. ಆದ್ದರಿಂದ ವಾಚನದೊಡನೆ ವಾರಕ್ಕೊಂದು ಪದದ ಪಾಠವೂ ನಡೆಯುವುದು ಅವಶ್ಯಕ.

‘ಸಾರ್ವಭೌಮ’ ಎಂಬ ಪದವನ್ನೇ ಗಮನಿಸಬಹುದು. ಇತಿಹಾಸದ ಪಾಠದಲ್ಲಿ ಈ ಪದಕ್ಕೆ ಚಕ್ರವರ್ತಿ ಎಂದರ್ಥ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಬಿ.ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶ ಅದರಲ್ಲಿದೆ. ಉಪದೇಶ ಉದಾತ್ತವಾದರೂ ಅಲ್ಲಿ ಹೇಳುವವನು ದೊರೆ, ಕೇಳುವವರು ಪ್ರಜೆಗಳು. ಪೀಠಿಕೆಯಲ್ಲಿ ಹೇಳುವವರು ‘ನಾವು’. ದೊರೆಗೆ ಸಲ್ಲುತ್ತಿದ್ದ ಬಿರುದು ಇಲ್ಲಿ ಜನರೆಲ್ಲರ ದೇಶಕ್ಕೆ ಸಂದಿದೆ.

‘ಗಣರಾಜ್ಯ’ವನ್ನು ಬೋಧಿಸಲು ದುರ್ಗದ ಕೋಟೆಯೇ ಸಾಕು. ಮದಕರಿ ನಾಯಕರ ಶೌರ್ಯವನ್ನು ಮಕ್ಕಳು ಅಭಿಮಾನದಿಂದ ಹೇಳುತ್ತಾರೆ. ಆ ಕಾಲದಲ್ಲಿ ಪಟ್ಟವು ವಂಶಕ್ಕೆ ಸೇರಿತ್ತು. ಇಂದು ರಾಷ್ಟ್ರಪತಿ ಹುದ್ದೆಯಿಂದ ಗ್ರಾಮ ಪಂಚಾಯಿತಿ ಅಧ್ಯಕ್ಷರ ಸ್ಥಾನದವರೆಗೆ ಯಾವುದೂ ಹುಟ್ಟಿನಿಂದ ಬರುವುದಿಲ್ಲ. ಈ ವ್ಯತ್ಯಾಸ ಮನದಟ್ಟಾದರೆ ಗಣರಾಜ್ಯದ ಅರ್ಥ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

‘ನ್ಯಾಯ’, ‘ಸಮಾನತೆ’ ಎಂಬ ಪದಗಳಿಗೆ ಪ್ರಶ್ನೆಗಳೇ ಉತ್ತಮ ಪಾಠ. ಹಿರಿಯೂರಿನ ಮಕ್ಕಳಿಗೆ: ವಾಣಿ ವಿಲಾಸ ಸಾಗರದ ನೀರು ನಾಲೆಯ ಕೊನೆ ಭಾಗದ ಜಮೀನಿಗೆ ತಲುಪದಿದ್ದರೆ ಅದು ಯಾವ ಬಗೆಯ ಅನ್ಯಾಯ? ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗಿನ ತೋಟಗಳನ್ನು ಬಲ್ಲ ಮಕ್ಕಳಿಗೆ: ಒಂದೇ ಕೆಲಸಕ್ಕೆ ಹೆಣ್ಣಾಳಿಗೊಂದು, ಗಂಡಾಳಿಗೊಂದು ಕೂಲಿ ಕೊಟ್ಟರೆ ಪೀಠಿಕೆಯ ಯಾವ ಪದಕ್ಕೆ ಧಕ್ಕೆ? ಉತ್ತರ ಮಕ್ಕಳಿಂದಲೇ ಬರಲಿ.

‘ಭ್ರಾತೃತ್ವ’ ಉಚ್ಚಾರಣೆಗೂ ಕಠಿಣ, ಅರ್ಥಕ್ಕೂ ಕಠಿಣ. ‘ಭ್ರಾತೃ’ ಎಂದರೆ ಸಹೋದರ. ಅಷ್ಟಕ್ಕೇ ನಿಲ್ಲಿಸಿದರೆ ತರಗತಿಯ ಹೆಣ್ಣುಮಕ್ಕಳು ಆ ಪದದಿಂದ ಹೊರಗುಳಿಯುತ್ತಾರೆ. ‘ಒಡಹುಟ್ಟಿದವರಂತೆ ಬಾಳುವುದು’ ಎಂದು ವಿವರಿಸುವುದು ಲೇಸು. ಮಧ್ಯಾಹ್ನದ ಬಿಸಿಯೂಟದ ಪಂಕ್ತಿಯಲ್ಲಿ ಯಾವ ಮಗುವೂ ಬೇರೆಯಾಗಿ ಕುಳಿತಿಲ್ಲವೆಂಬುದೇ ಈ ಪದದ ಪರೀಕ್ಷೆ. ಅಸ್ಪೃಶ್ಯತೆಯನ್ನು ನಿಷೇಧಿಸಿದ 17ನೇ ವಿಧಿಯನ್ನು ಆ ಸಂದರ್ಭದಲ್ಲಿಯೇ ತಿಳಿಸಬಹುದು.

ಪದಗಳಿಗೂ ಚರಿತ್ರೆಯುಂಟು. ಸಂವಿಧಾನವನ್ನು 1949ರ ನವೆಂಬರ್ 26ರಂದು ಅಂಗೀಕರಿಸಿದಾಗ ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳು ಪೀಠಿಕೆಯಲ್ಲಿರಲಿಲ್ಲ. 1976ರ 42ನೇ ತಿದ್ದುಪಡಿಯಿಂದ ಅವು ಸೇರಿದವು. ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ನಡೆಸಿದ್ದ ಎಸ್. ನಿಜಲಿಂಗಪ್ಪನವರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರೆಂಬುದನ್ನು ಮಕ್ಕಳಿಗೆ ತಿಳಿಸಿದರೆ, ಆ ಗ್ರಂಥವು ದೂರದ ದೆಹಲಿಯದಷ್ಟೇ ಎಂಬ ಭಾವನೆ ನೀಗುತ್ತದೆ.

ಕಲಿತ ಪದವನ್ನು ಬಳಸಲು ಮಕ್ಕಳ ಗ್ರಾಮಸಭೆಗಿಂತ ಯೋಗ್ಯ ವೇದಿಕೆ ಬೇರೊಂದಿಲ್ಲ. ಶಾಲೆಗೆ ಶೌಚಾಲಯ ಬೇಕೆಂದು, ಗೆಳತಿಯ ಓದು ನಿಲ್ಲಬಾರದೆಂದು ಅಲ್ಲಿ ಎದ್ದು ನಿಂತು ಕೇಳುವ ಬಾಲಕಿಯು ‘ಇದು ನಮ್ಮ ಹಕ್ಕು’ ಎಂದು ಹೇಳುವಂತಾಗಬೇಕು. ಆಗ ಪೀಠಿಕೆಯ ಮೊದಲಿನ ‘ನಾವು’ ಎಂಬುದರಲ್ಲಿ ತಾನೂ ಇದ್ದೇನೆಂದು ಅವಳಿಗೆ ತಿಳಿದಿರುತ್ತದೆ. ಪದದ ಪಾಠ ಸಾರ್ಥಕವಾಗುವುದು ಅಲ್ಲಿ.