ಹಳೆಯ ಮೋಟಾರಿನ ಸಂಗ್ರಹವೂ ಸಂಗ್ರಾಹಕನ ಹೊಣೆಯೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಪ್ರಾಚೀನ ವಸ್ತುಗಳ ಸಂಗ್ರಹವೆಂದೊಡನೆ ನಮ್ಮ ನೆನಪಿಗೆ ಬರುವುವು ತಾಳೆಗರಿ, ನಾಣ್ಯ, ವಿಗ್ರಹಗಳು. ಮೋಟಾರು ಕಾರು ಆ ಸಾಲಿನಲ್ಲಿ ನಿಲ್ಲಬಲ್ಲುದೇ ಎಂದು ಕೇಳುವವರುಂಟು. ಉತ್ತರಕ್ಕಾಗಿ ದೂರ ಹೋಗಬೇಕಾದುದಿಲ್ಲ. ಕಾಸರಗೋಡು ಸೀಮೆಯ ನಮ್ಮಲ್ಲಿ ಅನೇಕರು ಧರ್ಮಸ್ಥಳಕ್ಕೆ ಹೋಗಿಬಂದವರು. ಅಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟಿರುವ ಹಳೆಯ ಕಾರುಗಳನ್ನು ನೋಡಿದವರಿಗೆ ಅವೂ ಒಂದು ಕಾಲದ ಕಥೆಯನ್ನು ಹೇಳಬಲ್ಲವೆಂಬುದು ತಿಳಿದೇ ಇದೆ. ಅಂಥ ಕಾರುಗಳಲ್ಲಿ ಒಂದು ಬಗೆಯನ್ನು, ಎಂದರೆ ಮುಚ್ಚಿಗೆಯನ್ನು ಹಿಂದಕ್ಕೆ ಮಡಚಿ ತೆರೆದಿಡಬಹುದಾದ ಕಾರನ್ನು ಕುರಿತು ಕೆಲವು ಮಾತುಗಳನ್ನು ಅರಿಕೆಮಾಡುತ್ತೇನೆ.

ಮೊದಮೊದಲು ಕಾರುಗಳೆಲ್ಲ ಬಹುಮಟ್ಟಿಗೆ ತೆರೆದವುಗಳೇ ಆಗಿದ್ದವು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ‘ಮಾಡೆಲ್ ಟಿ’ ಕಾರುಗಳಲ್ಲಿ ಬಟ್ಟೆಯ ಮುಚ್ಚಿಗೆಯವು ಅಸಂಖ್ಯಾತವಾಗಿದ್ದವು. ಮಳೆ ಬಂದರೆ ಮುಚ್ಚಿಗೆಯನ್ನೆತ್ತಿ ಪಕ್ಕಗಳಿಗೆ ಪರದೆ ಕಟ್ಟಬೇಕಾಗಿತ್ತು. ಪಕ್ಕದ ಗಾಜುಗಳನ್ನು ಏರಿಸಿ ಇಳಿಸಬಹುದಾದ ನಿಜವಾದ ‘ಕನ್ವರ್ಟಿಬಲ್’ ಆಮೇಲೆ ಬಂದುದು. ಉಕ್ಕಿನ ತಗಡಿನ ಮುಚ್ಚಿದ ಕಾರು ಅಗ್ಗವಾದಂತೆ, 1920ರ ದಶಕದ ಕೊನೆಯ ಹೊತ್ತಿಗೆ ತೆರೆದ ಕಾರು ಹಿಂದೆ ಬಿದ್ದಿತು. 1928ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯು ಮುಂಬಯಿಯಲ್ಲಿ ಷೆವ್ರೊಲೆ ಕಾರುಗಳನ್ನು ಜೋಡಿಸತೊಡಗಿದಾಗ ಈ ಮಾರ್ಪಾಟು ಭರದಿಂದ ಸಾಗಿತ್ತು. ಬಟ್ಟೆ ಹರಿಯಿತು, ನೀರು ಇಳಿಯಿತು, ಒಳಗಿನ ಮರದ ಚೌಕಟ್ಟು ಕೊಳೆಯಿತು; ಅಂಥವು ಗುಜರಿಗೆ ಹೋದವು. ಚೆನ್ನಾಗಿ ಉಳಿದ ತೆರೆದ ಕಾರು ದುರ್ಲಭವಾಗಿರುವುದು ಹೀಗೆ.

ಕೊಳ್ಳುವವನು ಮಿರುಗುವ ಬಣ್ಣಕ್ಕೆ ಮರುಳಾಗಬಾರದು. ಮೊದಲು ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಬೇಕು. ಗಟ್ಟಿ ಛಾವಣಿಯ ಬಲವಿಲ್ಲದ ಕಾರಿನಲ್ಲಿ ಭಾರವೆಲ್ಲ ಕೆಳಗಿನ ಚೌಕಟ್ಟಿನ ಮೇಲೆಯೇ ಬೀಳುವುದರಿಂದ, ಅದು ಕುಗ್ಗಿದ್ದರೆ ಬಾಗಿಲಿನ ಸಂದು ಮೇಲೊಂದು ಕೆಳಗೊಂದು ಅಳತೆಯಾಗಿರುತ್ತದೆ. ಬಳಿಕ ಜಮಖಾನವನ್ನೆತ್ತಿ ನೆಲವನ್ನೂ, ಹೊಸ್ತಿಲ ಕೆಳಗಿನ ಮರವನ್ನೂ ಪರೀಕ್ಷಿಸಬೇಕು. ಎಂಜಿನ್ ಮತ್ತು ಷಾಸಿಯ ಸಂಖ್ಯೆಗಳು ಕಾಗದಪತ್ರಗಳೊಡನೆ ಹೊಂದುತ್ತವೆಯೇ ಎಂದು ನೋಡಬೇಕು. ಹಳೆಯ ಪರವಾನಗಿ, ದುರಸ್ತಿಯ ರಶೀದಿ, ಹತ್ಯಾರಗಳ ಚೀಲ, ಮನೆಯವರು ತೆಗೆಸಿದ ಒಂದು ಛಾಯಾಚಿತ್ರ: ಇವೆಲ್ಲ ಕಾರಿನಷ್ಟೇ ಬೆಲೆಯುಳ್ಳವು.

ಇನ್ನು ಮುಖ್ಯವಾದ ಮಾತು. ಕೊಂಡ ಕಾರನ್ನು ಹೊಸದರಂತೆ ಮಾಡಿಬಿಡಬೇಕೆಂಬ ಆತುರ ಅನೇಕರಿಗೆ ಇರುತ್ತದೆ. ಮೂಲದ ಬಣ್ಣವನ್ನು ಕೆರೆಸಿ, ಸವೆದ ಚರ್ಮದ ಆಸನವನ್ನು ಕಿತ್ತೆಸೆದು, ಎಲ್ಲವನ್ನೂ ಥಳಥಳಿಸುವಂತೆ ಮಾಡುತ್ತಾರೆ. ಜೀರ್ಣೋದ್ಧಾರದ ಹೆಸರಿನಲ್ಲಿ ಶಿಲ್ಪಕ್ಕೆ ಎಣ್ಣೆಬಣ್ಣ ಬಳಿದುದನ್ನು ಕಂಡು ಮರುಗಿದವರಿಗೆ ಇದರ ನಷ್ಟವನ್ನು ವಿವರಿಸಬೇಕಾಗಿಲ್ಲ. ಗಣಪತಿಯನ್ನು ಮಾಡಹೋಗಿ ಕೋತಿಯನ್ನು ಮಾಡಿದಂತಾಗುತ್ತದೆ. ಮುರಿದುದನ್ನು ಸರಿಪಡಿಸುವುದು ಬೇಕು. ಬ್ರೇಕು, ಟೈರುಗಳ ವಿಷಯದಲ್ಲಿ ರಾಜಿ ಸಲ್ಲದು. ಆದರೆ ಉಳಿದುಬಂದ ಮೂಲದ ಹೊದಿಕೆಯನ್ನು ಒಮ್ಮೆ ಅಳಿಸಿದರೆ ಎಷ್ಟು ಹಣ ಸುರಿದರೂ ಅದು ಮರಳಿ ಬಾರದು.

ಲೋಕವೂ ಈ ಮಾತನ್ನು ಈಗೀಗ ಒಪ್ಪುತ್ತಿದೆ. ಕ್ಯಾಲಿಫೋರ್ನಿಯದ ಪೆಬಲ್ ಬೀಚ್‌ನಲ್ಲಿ 1950ರಲ್ಲಿ ಆರಂಭವಾದ ಕಾರುಗಳ ಪ್ರದರ್ಶನವು ಹೊಳಪಿಗೆ ಹೆಸರಾದುದು. ಅಲ್ಲಿ 2024ರಲ್ಲಿ ಪರಮಪ್ರಶಸ್ತಿ ಪಡೆದುದು ಜೀರ್ಣೋದ್ಧಾರ ಕಾಣದೆ ಹಳತಾಗಿಯೇ ಉಳಿದ, 1934ರ ತೆರೆದ ಬುಗಾಟಿ ‘ಟೈಪ್ 59’. ಒಂದು ಕಾಲಕ್ಕೆ ಬೆಲ್ಜಿಯಂ ದೊರೆ ಮೂರನೆಯ ಲಿಯೊಪೋಲ್ಡ್ ಅದರ ಒಡೆಯ. ಅವನ ಕಾಲದ ಕಪ್ಪು ಬಣ್ಣವೂ ಹಳದಿ ಪಟ್ಟೆಯೂ ಸವೆದಿದ್ದರೂ ಹಾಗೆಯೇ ಇವೆ. ಯಥಾಸ್ಥಿತಿಯಲ್ಲಿ ಕಾಪಾಡಿದ ಕಾರಿಗೆ ಅಲ್ಲಿ ಆ ಮನ್ನಣೆ ದೊರೆತುದು ಅದೇ ಮೊದಲು.

ನಮ್ಮ ದೇಶದಲ್ಲಿಯೂ 1964ರಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯು ದೆಹಲಿಯಲ್ಲಿ ಹಳೆಯ ಕಾರುಗಳ ಮೆರವಣಿಗೆಯನ್ನು ಆರಂಭಿಸಿತು. 2021ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮದಂತೆ, 50 ವರ್ಷ ಮೀರಿದ, ಮೂಲರೂಪದಲ್ಲಿರುವ, ಷಾಸಿ, ಮೈ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟಾಗದ ವಾಹನವು ‘ವಿಂಟೇಜ್’ ಎನಿಸಿಕೊಳ್ಳುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅವಧಿ 10 ವರ್ಷ. ಪ್ರದರ್ಶನ, ಮೆರವಣಿಗೆ, ದುರಸ್ತಿ ಮೊದಲಾದವಕ್ಕೆ ಅದನ್ನು ಓಡಿಸಬಹುದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಸಲ್ಲದು. ಮೂಲರೂಪವೇ ಮಾನದಂಡವೆಂಬುದನ್ನು ಗಮನಿಸಬೇಕು.

ಕಡಲ ಕರೆಯ ನಮಗೆ ಉಪ್ಪುಗಾಳಿ ಮತ್ತು ಜಡಿಮಳೆಗಳೇ ಹಗೆಗಳು. ಒದ್ದೆಯ ಮುಚ್ಚಿಗೆಯನ್ನು ಮಡಚಿಡಬಾರದು, ಬೂಷ್ಟು ಹಿಡಿಯುತ್ತದೆ. ಮಳೆಗಾಲವಿಡೀ ಮಡಚಿಯೇ ಇಟ್ಟರೆ ಮಡಿಕೆಯಲ್ಲಿ ಬಟ್ಟೆ ಬಿರಿಯುತ್ತದೆ. ಕಾರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಒಳಗೇ ನಿಲ್ಲುವುದರಿಂದ ಹತ್ತಿಯ ಬಟ್ಟೆ ಹೊದಿಸಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ನಿಲ್ಲಿಸುವುದು ಲೇಸು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ನೀರನ್ನು ಹೀರುವುದಲ್ಲದೆ ಹಳೆಯ ರಬ್ಬರ್ ನಳಿಗೆಗಳನ್ನೂ ಕೆಡಿಸುತ್ತದೆ. ಆದುದರಿಂದ ಬಹುಕಾಲ ನಿಲ್ಲುವ ಕಾರಿನ ಟ್ಯಾಂಕನ್ನು ಬರಿದುಮಾಡುವುದು ಒಳ್ಳೆಯದು.

ಸೋದರ ಸೋದರಿಯರೇ, ಹಣವಿದ್ದವರು ಮಾತ್ರ ಮಾಡಬಹುದಾದ ಕೆಲಸವಿದು ಎಂದು ನೀವು ಭಾವಿಸಬಹುದು. ಕೊಳ್ಳುವುದು ಹಾಗಿರಬಹುದು, ಕಾಪಾಡುವುದು ಹಾಗಲ್ಲ. ನಿಮ್ಮ ಬಂಧುಗಳ ಮನೆಯ ಹಟ್ಟಿಯಲ್ಲಿ ಹಳೆಯ ಕಾರೊಂದು ಧೂಳು ಹಿಡಿದು ನಿಂತಿದ್ದರೆ, ತೂಕಕ್ಕೆ ಮಾರುವ ಮುನ್ನ ಅದರ ಕಾಗದಗಳನ್ನು ಹುಡುಕಿಸಿರಿ, ಅದನ್ನು ನಡೆಸಿದ ಹಿರಿಯರಿದ್ದರೆ ಅವರ ಮಾತನ್ನು ಬರೆದಿಡಿರಿ, ಬಲ್ಲವರಿಗೆ ತೋರಿಸಿರಿ. ಸಂಗ್ರಾಹಕನು ಒಡೆಯನೆನಿಸಿದರೂ ಕೆಲವು ವರ್ಷಗಳ ಕಾವಲುಗಾರನಷ್ಟೆ. ತನ್ನ ಕೈಗೆ ಬಂದುದನ್ನು ಕೆಡದಂತೆ ಮುಂದಿನವರ ಕೈಗೆ ದಾಟಿಸಿದರೆ ಅವನ ಹೊಣೆ ಸಂದಿತು.