ವೇಗದೋಣಿಯ ಫಿನ್ನು



ರಾಜ್ಯೋತ್ಸವದ ವೇದಿಕೆಯಿಂದ ಏಕೀಕರಣದ ಮಾತು, ಕವಿಗಳ ಮಾತು ಕೇಳುವುದು ತಮಗೆ ರೂಢಿ. ಈ ಸಂಜೆ ನಾವು ಬಿನ್ನವಿಸಲಿರುವುದು ಅಂಗೈಗಿಂತ ಕಿರಿದಾದ ಒಂದು ಲೋಹದ ತಗಡಿನ ವಿಚಾರ. ರಬಾಳೆಯ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕೆಲವು ತರುಣರು ರಜಾದಿನಗಳಲ್ಲಿ ಕೂಡಿಕೊಂಡು, ರೇಡಿಯೋದಿಂದ ನಡೆಸತಕ್ಕ ಹೈಡ್ರೋಪ್ಲೇನ್ ಎಂಬ ವೇಗದೋಣಿಯ ಮಾದರಿಯೊಂದನ್ನು ಕಟ್ಟುತ್ತಿದ್ದಾರೆ. ಅದನ್ನು ಠಾಣೆಯ ಖಾಡಿಯಲ್ಲಿ ಓಡಿಸಿ ತೋರಿಸಲು ಸಂಘದ ಒಪ್ಪಿಗೆಯನ್ನೂ ಬೇಡಿದ್ದಾರೆ. ಒಪ್ಪಿಗೆಯ ಮಾತಿಗೆ ಆಮೇಲೆ ಬರುತ್ತೇವೆ. ಮೊದಲು ದೋಣಿಯ ಮಾತು.

ಸಾಮಾನ್ಯ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಇದು ನೀರಿನ ಮೇಲೆ ಜಾರಿಕೊಂಡು ಹೋಗುತ್ತದೆ. ಮುಂಭಾಗದ ಎರಡು ಪಕ್ಕಗಳಲ್ಲಿ ಸ್ಪಾನ್ಸನ್ ಎಂಬ ಎರಡು ಚಾಚುಗಳುಂಟು. ಪೂರ್ಣ ವೇಗ ಬಂದಾಗ ಅವುಗಳ ಹಿಂತುದಿಗಳೂ ಅರ್ಧ ಮುಳುಗಿ ತಿರುಗುವ ಪ್ರೊಪೆಲ್ಲರೂ ಇಷ್ಟೇ ನೀರನ್ನು ಮುಟ್ಟಿರುತ್ತವೆ. ಮಿಕ್ಕ ಒಡಲೆಲ್ಲ ಗಾಳಿಯಲ್ಲಿ. 1950ರ ಜೂನ್ 26ರಂದು ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದಲ್ಲಿ 'ಸ್ಲೋ-ಮೋ-ಶನ್ 4' ಎಂಬ ದೋಣಿ ಗಂಟೆಗೆ 160 ಮೈಲಿ ಮೀರಿ ಓಡಿ, ಮಾಲ್ಕಮ್ ಕ್ಯಾಂಬೆಲ್‌ರ 1939ರ 141 ಮೈಲಿಯ ದಾಖಲೆಯನ್ನು ಮುರಿದದ್ದು ಈ ಉಪಾಯದಿಂದಲೇ. ಹೆಸರಿನಲ್ಲಿದ್ದ ನಿಧಾನ ನಡೆಯಲ್ಲಿರಲಿಲ್ಲ! ಮೂವತ್ತು ಅಡಿಯ ಆಸುಪಾಸಿನ ಇಂಥ ದೋಣಿಗಳನ್ನು ಎಂಟರಲ್ಲೊಂದು ಪ್ರಮಾಣಕ್ಕೆ ಇಳಿಸಿದರೆ ನಾಲ್ಕಡಿಗೆ ಕೊಂಚ ಕಡಮೆಯ ಮಾದರಿಯಾಗುತ್ತದೆ.

ನೀರನ್ನು ಇಷ್ಟು ಕಡಮೆ ಮುಟ್ಟುವ ದೋಣಿಗೆ ನೀರಿನ ಹಿಡಿತವೂ ಕಡಮೆ. ಹಂಪೆಯಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರು ಇದನ್ನು ಬಲ್ಲರು. ಅಂಬಿಗ ಹುಟ್ಟನ್ನು ಸ್ವಲ್ಪ ಮರೆತರೆ ಹರಿಗೋಲು ಬುಗುರಿಯಂತೆ ಸುತ್ತತೊಡಗುತ್ತದೆ, ಅಡ್ಡಡ್ಡಲಾಗಿ ತೇಲುತ್ತದೆ. ಅದರ ತಳದಲ್ಲಿ ನೀರನ್ನು ಕಚ್ಚುವ ಏಣು ಯಾವುದೂ ಇಲ್ಲ. ವೇಗದೋಣಿಯಲ್ಲಿ ಚುಕ್ಕಾಣಿ ಉಂಟಲ್ಲ ಎಂದು ತಾವು ಕೇಳಬಹುದು. ಚುಕ್ಕಾಣಿ ದೋಣಿಯ ಮುಖವನ್ನು ತಿರುಗಿಸೀತು. ಮುಖ ತಿರುಗಿದ ಮಾತ್ರಕ್ಕೆ ಮೈ ತಿರುಗುವುದಿಲ್ಲ. ಸ್ಪಾನ್ಸನ್ನಿನ ಹಿಂಬದಿಗೆ ಬಿಗಿದು ನೀರಿಗಿಳಿಸಿದ ತಗಡು ಅಡ್ಡಜಾರಿಕೆಯನ್ನು ತಡೆದಾಗಲೇ ದೋಣಿ ಬಳಸಿ ಬರುವುದು. ಕಣದಲ್ಲಿ ಹಂತಿ ಹೊಡೆಯುವಾಗ ಮೇಟಿಯ ಪಕ್ಕದ ಎತ್ತು ಮಾಡುವ ಕೆಲಸವೇ ಇದು. ಇದಕ್ಕೆ ಟರ್ನ್ ಫಿನ್ ಎನ್ನುತ್ತಾರೆ; ನಮ್ಮ ಹುಡುಗರ ಬಾಯಲ್ಲಿ ಬರಿಯ ಫಿನ್ನು.

ಈ ತಗಡಿನ ಮೇಲೆ ಬೀಳುವ ಭಾರವೆಷ್ಟು? ಲೆಕ್ಕ ಹಾಕೋಣ. ಐದು ಕಿಲೋ ತೂಕದ ಮಾದರಿ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹತ್ತು ಮೀಟರ್ ತ್ರಿಜ್ಯದ ತಿರುವನ್ನು ಹೊಕ್ಕರೆ, ಅದನ್ನು ಒಳಕ್ಕೆ ಎಳೆದು ಹಿಡಿಯಲು ಹನ್ನೊಂದು ಕಿಲೋ ಮೀರಿದ ಬಲ ಬೇಕು. ಎಂದರೆ ದೋಣಿಯ ತೂಕದ ಎರಡು ಪಟ್ಟಿಗೂ ಹೆಚ್ಚು! ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಈ ಭಾರದ ಬಹುಪಾಲನ್ನು ಹೊರುವುದು ಫಿನ್ನು, ಅದನ್ನು ಹಿಡಿದ ಎರಡು ಮೂರು ಸ್ಕ್ರೂಗಳು. ತೆಳುವಾದ ಪ್ಲೈವುಡ್ಡಿಗೆ ನೇರವಾಗಿ ಸ್ಕ್ರೂ ಹೊಡೆದರೆ ಸಾಲದು. ಒಳಗಡೆ ಗಟ್ಟಿಮರದ ತುಂಡನ್ನು ಅಂಟಿಸಿ ಅದಕ್ಕೆ ಬಿಗಿಯಬೇಕು. ಹಿಂದೊಮ್ಮೆ ಬೇರೊಂದು ಊರಿನ ಕೆರೆಯಲ್ಲಿ ಫಿನ್ನು ಕಿತ್ತುಹೋದ ದೋಣಿಯನ್ನು ನಾವು ಕಣ್ಣಾರೆ ಕಂಡೆವು. ತಿರುವನ್ನು ಬಿಟ್ಟು ನೆಟ್ಟಗೆ ದಂಡೆಗೆ ನುಗ್ಗಿ, ಮೆಟ್ಟಿಲ ಮೇಲೆ ಕುಳಿತಿದ್ದ ಒಂದು ಮಗುವಿನಿಂದ ಮೊಳ ದೂರದಲ್ಲಿ ಹಾದುಹೋಯಿತು.

ಇನ್ನು ಕೂಡಿಸುವ ಕ್ರಮ. ಫಿನ್ನು ಯಾವಾಗಲೂ ತಿರುವಿನ ಒಳಮಗ್ಗುಲಿಗಿರಬೇಕು. ಆಗ ನೀರಿನ ಎಳೆತವೂ ಮೂತಿಯನ್ನು ತಿರುವಿನ ಕಡೆಗೇ ಸೆಳೆಯುತ್ತದೆ. ಇಲ್ಲೊಂದು ಸೋಜಿಗವುಂಟು. ಅಮೆರಿಕದ ದೊಡ್ಡ ದೋಣಿಗಳು ಪಂದ್ಯದಲ್ಲಿ ಎಡಕ್ಕೆ ಸುತ್ತುವುದರಿಂದ ಅವುಗಳ ಫಿನ್ನು ಎಡಗಡೆ. ಮಾದರಿ ದೋಣಿಗಳ ಪಂದ್ಯ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುವುದು. ಆದ್ದರಿಂದ ಮಾದರಿಯ ಫಿನ್ನು ಬಲಗಡೆ. ಬಣ್ಣ, ಅಂಕಿ, ಅಕ್ಷರಗಳನ್ನೆಲ್ಲ ಚಿತ್ರ ನೋಡಿ ನಕಲು ಮಾಡಿರಿ. ಫಿನ್ನನ್ನು ಮಾತ್ರ ಚಿತ್ರ ನೋಡಿ ಹಚ್ಚಬೇಡಿರಿ.

ದೋಣಿಯನ್ನು ಸಮವಾದ ಮೇಜಿನ ಮೇಲೆ ಬೋರಲು ಹಾಕಿ, ಮೂತಿಯ ನಡುವಿನಿಂದ ಹಿಂಬದಿಯ ನಡುವಿಗೆ ಒಂದು ದಾರವನ್ನು ಬಿಗಿಯಾಗಿ ಎಳೆಯಿರಿ. ದಾರದಿಂದ ಫಿನ್ನಿನ ಮುಂದಂಚಿಗೂ ಹಿಂದಂಚಿಗೂ ಅಳತೆ ಒಂದೇ ಬರಬೇಕು. ಕೂದಲೆಳೆಯಷ್ಟು ಓರೆಯಾದರೂ ನೇರ ಓಟದಲ್ಲಿ ದೋಣಿ ಒಂದೇ ಕಡೆಗೆ ಎಳೆಯುತ್ತದೆ. ಆಗ ಹುಡುಗರು ಸುಮ್ಮನೆ ಚುಕ್ಕಾಣಿಯನ್ನು ಬೈಯುತ್ತಾರೆ. ಬಳಿಕ ಬ್ಯಾಟರಿ ಸಹಿತ ದೋಣಿಯನ್ನು ಬೆರಳುಗಳ ಮೇಲೆ ತೂಗಿ ತೂಕದ ನಡುವನ್ನು ಗುರುತಿಸಿರಿ. ಫಿನ್ನು ಅದಕ್ಕಿಂತ ತೀರ ಮುಂದಾದರೆ ತಿರುವಿನಲ್ಲಿ ದೋಣಿ ತಟ್ಟನೆ ಒಳಕ್ಕೆ ಸುತ್ತಿಬಿಡುತ್ತದೆ. ತೀರ ಹಿಂದಾದರೆ ತಿರುಗಲೊಲ್ಲದೆ ಹಟ ಹಿಡಿಯುತ್ತದೆ.

ಫಿನ್ನಿನ ಕೆಳತುದಿಯನ್ನು ದೋಣಿಯ ಒಡಲಿನತ್ತ ಬಾಗಿಸುವುದುಂಟು. ಕಾರಣ ಕೇಳಿರಿ. ಫಿನ್ನಿನ ಬಲ ನೀರಿನೊಳಗೆ, ದೋಣಿಯ ತೂಕ ನೀರಿನ ಮೇಲೆ. ಈ ಎರಡರ ಎಳೆದಾಟದಲ್ಲಿ ದೋಣಿ ಹೊರಕ್ಕೆ ವಾಲಿ, ಒಳಗಿನ ಸ್ಪಾನ್ಸನ್ನು ಮೇಲೇಳಹತ್ತುತ್ತದೆ. ಬಾಗಿದ ತಗಡಿಗೆ ತಾಗಿದ ನೀರು ಅದನ್ನು ಕೆಳಕ್ಕೂ ಎಳೆದು ಹಿಡಿಯುತ್ತದೆ. ಆದರೆ ಬಾಗಿದ ತಗಡಿನ ಮುಂದಂಚು ಕೊಂಚ ತಗ್ಗಿ ನಿಂತಿತೋ, ನೇರ ಓಟದಲ್ಲೂ ಆ ಎಳೆತ ಉಳಿದು ವೇಗ ಸಾಯುತ್ತದೆ. ಆಳದ ವಿಚಾರದಲ್ಲಿ, ಮೊದಲು ಹೆಚ್ಚೇ ಇಟ್ಟು ಆಮೇಲೆ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ತೆಗೆಯುವುದು ಲೇಸು. ಒಂದು ಓಟಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡಿರಿ.

ಈಗ ಒಪ್ಪಿಗೆಯ ಮಾತು. ಖಾಡಿಯಲ್ಲಿ ಬೇಡವೆಂಬುದೇ ನಮ್ಮ ಅಭಿಪ್ರಾಯ. ಇಳಿತದ ಹೊತ್ತಿಗೆ ಅಲ್ಲಿ ಉಳಿಯುವುದು ಕೆಸರು. ಕೆಟ್ಟು ನಿಂತ ದೋಣಿಯನ್ನು ತರಹೋದವನು ಸೊಂಟದವರೆಗೆ ಹೂತಾನು. ಅದಕ್ಕಿಂತ ಮಿಗಿಲಾಗಿ, ಆ ಕೆಸರನ್ನು ನಂಬಿ ಫ್ಲೆಮಿಂಗೋ ಎಂಬ ರಾಜಹಂಸಗಳು ಸಾವಿರಗಟ್ಟಲೆ ಬರುತ್ತವೆ. 2015ರಲ್ಲಿ ಸರ್ಕಾರ ಅಲ್ಲಿ ಅವುಗಳಿಗಾಗಿ ಅಭಯಧಾಮವನ್ನು ಸಾರಿತು. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿತು. ದೂರದಿಂದ ಬಂದು ಇಲ್ಲಿ ಅನ್ನ ಕಂಡುಕೊಂಡವರು ನಾವೂ ಹೌದಷ್ಟೆ. ಅವುಗಳ ಊಟದ ನಡುವೆ ಕಿರಿಚುವ ಮೋಟಾರನ್ನು ಬಿಡುವುದು ನಮಗೆ ಒಪ್ಪದು. ಸ್ನಾನಕ್ಕಿಳಿಯುವವರಿಲ್ಲದ, ಅನುಮತಿ ದೊರೆಯುವ ಸಿಹಿನೀರಿನ ಕೆರೆಯೊಂದನ್ನು ತರುಣರು ಹುಡುಕಲಿ. ನೋಡುವವರನ್ನು ತಿರುವಿನ ಹೊರದಿಕ್ಕಿನಲ್ಲಿ ನಿಲ್ಲಿಸದಿರಲಿ. ಹಿಡಿತ ತಪ್ಪಿದ ದೋಣಿ ನುಗ್ಗುವುದು ಅತ್ತಲೇ. ಕೆರೆ ಸಿಕ್ಕಿದರೆ ಬ್ಯಾಟರಿಯ ಖರ್ಚನ್ನು ಸಂಘ ಕೊಡಲೆಂದು ಅಧ್ಯಕ್ಷರಲ್ಲಿ ನಮ್ಮ ವಿನಂತಿ.

ಮರೆಯುವ ಮುನ್ನ ಇನ್ನೊಂದು ಮಾತು. ಫಿನ್ನಿನ ಮುಂದಂಚು ಚೂರಿಯಂತೆ ಹರಿತ. ದೋಣಿಯನ್ನು ಲೋಕಲ್ ಗಾಡಿಯಲ್ಲಿ ಒಯ್ಯುವಾಗ ರಬ್ಬರಿನ ಕೊಳವೆಯೊಂದನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿರಿ. ರಬಾಳೆಯ ನಿಲ್ದಾಣದಲ್ಲಿ ಸಂಜೆಯ ನೂಕುನುಗ್ಗಲು ಎಂಥದೆಂದು ತಮಗೆ ಹೇಳಬೇಕಾಗಿಲ್ಲ.