ಆತ್ಮರಕ್ಷಣೆಗೆ ಮೊದಲ ಆಯುಧ: ಹಕ್ಕು, ಹೊಣೆ, ವಿವೇಕ
(ಉಪನ್ಯಾಸದ ಪಠ್ಯ)



ನವರಾತ್ರಿಯ ದಿನಗಳಲ್ಲಿ ಕನ್ನಡಿಗರು ಎಲ್ಲಿ ನೆಲೆಸಿದ್ದರೂ ಆಯುಧಪೂಜೆಯನ್ನು ಮರೆಯುವುದಿಲ್ಲ. ಮಚ್ಚು, ಕುಡುಗೋಲುಗಳಿಂದ ಹಿಡಿದು ಹೊಲಿಗೆ ಯಂತ್ರ, ವಾಹನಗಳವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಸಲ್ಲುತ್ತದೆ. ಕೊಡಗಿನಲ್ಲಿ ಕೈಲ್ ಪೋಳ್ದ್ ಹಬ್ಬದಂದು ಕೋವಿಯನ್ನು ತೊಳೆದು, ಹೂವಿಟ್ಟು ಪೂಜಿಸುತ್ತಾರೆ. ಆಯುಧವನ್ನು ಗೌರವದಿಂದ ಕಾಣಬೇಕು, ಅದರೊಡನೆ ಆಟವಾಡಬಾರದು ಎಂಬ ತಿಳಿವಳಿಕೆ ಈ ಆಚರಣೆಗಳಲ್ಲಿ ಅಡಗಿದೆ. ಆತ್ಮರಕ್ಷಣೆಗಾಗಿ ರಿವಾಲ್ವರ್ ಅಥವಾ ಪಿಸ್ತೂಲು ಹೊಂದಬೇಕೆಂದು ಆಲೋಚಿಸುವ ನಾಗರಿಕನಿಗೆ ಬೇಕಾದ ಮೊದಲ ಗುಣವೂ ಈ ಗೌರವವೇ ಆಗಿದೆ.

ದೊಡ್ಡ ನಗರಗಳಲ್ಲಿ ಈ ಆಲೋಚನೆ ಹಲವರಿಗೆ ಬರುತ್ತದೆ. ರಾತ್ರಿ ಅಂಗಡಿ ಮುಚ್ಚಿ ನಗದು ಹಣದೊಡನೆ ಮನೆಗೆ ಮರಳುವ ವ್ಯಾಪಾರಿ, ಮಕ್ಕಳು ದೂರದೇಶದಲ್ಲಿರುವಾಗ ಒಂಟಿಯಾಗಿ ಬಾಳುವ ವೃದ್ಧ ದಂಪತಿಗಳು, ವ್ಯಾಜ್ಯವೊಂದರ ನಿಮಿತ್ತ ಬೆದರಿಕೆಗೆ ಗುರಿಯಾದ ವಕೀಲರು, ಇವರೆಲ್ಲರ ಭಯ ಸಹಜವಾದುದು. ಆದರೆ ಭಯವು ಆಯುಧದಿಂದ ನಿವಾರಣೆಯಾಗುವುದೇ, ಅಥವಾ ಆಯುಧವೇ ಮನೆಗೊಂದು ಹೊಸ ಭಯವನ್ನು ತರುವುದೇ ಎಂಬುದನ್ನು ಮೊದಲು ತೂಗಿ ನೋಡಬೇಕು. ಇದಕ್ಕೆ ಕಾನೂನಿನ ತಿಳಿವಳಿಕೆಯೂ ಆಯುಧದ ತಿಳಿವಳಿಕೆಯೂ ಅವಶ್ಯಕ.

ಬ್ರಿಟಿಷ್ ಆಳ್ವಿಕೆಯ 1878ರ ಆಯುಧ ಶಾಸನವು ಭಾರತೀಯರನ್ನು ನಿಶ್ಶಸ್ತ್ರರನ್ನಾಗಿ ಮಾಡುವ ಉದ್ದೇಶ ಹೊಂದಿತ್ತು. ಸ್ವಾತಂತ್ರ್ಯಾನಂತರ ಅದರ ಸ್ಥಾನದಲ್ಲಿ 1959ರ ಆಯುಧ ಅಧಿನಿಯಮವು ರಚಿತವಾಗಿ, 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಇದರಡಿಯಲ್ಲಿ ಈಗ 2016ರ ಆಯುಧ ನಿಯಮಗಳು ಜಾರಿಯಲ್ಲಿವೆ. 2019ರಲ್ಲಿ ಅಧಿನಿಯಮಕ್ಕೆ ಮಹತ್ವದ ತಿದ್ದುಪಡಿಯಾಯಿತು. ಅಮೆರಿಕದಲ್ಲಿರುವಂತೆ ಬಂದೂಕು ಹೊಂದುವುದು ನಮ್ಮಲ್ಲಿ ಸಂವಿಧಾನವು ನೀಡಿದ ಹಕ್ಕಲ್ಲ. ಅಧಿನಿಯಮದ 3ನೆಯ ಪ್ರಕರಣದಂತೆ ಪರವಾನಗಿ ಇಲ್ಲದೆ ಯಾರೂ ಬಂದೂಕನ್ನು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ.

ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿಷಯದಲ್ಲಿ ಬಹುಕಾಲದಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಇದು ಷರತ್ತುಗಳಿಗೆ ಒಳಪಟ್ಟ ವಿಶೇಷ ವ್ಯವಸ್ಥೆಯೇ ಹೊರತು ಇತರ ಕನ್ನಡಿಗರಿಗೆ ಅನ್ವಯಿಸುವಂಥದಲ್ಲ.

ಪರವಾನಗಿಯನ್ನು ಯಾರು ಕೊಡುತ್ತಾರೆ? ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಂತಹ ನಗರಗಳಲ್ಲಿ ಈ ಅಧಿಕಾರವು ಪೊಲೀಸ್ ಕಮಿಷನರ್ ಅವರ ಕಚೇರಿಗೆ ಸೇರಿದೆ. ಇತರ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗಳಿಗೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅರ್ಜಿಯೊಡನೆ ವಯಸ್ಸು, ಗುರುತು ಮತ್ತು ವಾಸಸ್ಥಳದ ದಾಖಲೆಗಳನ್ನು ಸಲ್ಲಿಸಬೇಕು. ದೇಹ ಮತ್ತು ಮನಸ್ಸಿನ ಆರೋಗ್ಯ ಸರಿಯಾಗಿದೆ, ಮಾದಕ ಪದಾರ್ಥಗಳ ಅವಲಂಬನೆ ಇಲ್ಲ ಎಂಬ ವೈದ್ಯಕೀಯ ಪ್ರಮಾಣಪತ್ರವೂ, ಆಯುಧವನ್ನು ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆಯೂ ಬೇಕು. ಆಯುಧದ ಸುರಕ್ಷಿತ ಬಳಕೆಯ ತರಬೇತಿಗೂ 2016ರ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ.

ಅನಂತರ ಪೊಲೀಸ್ ವಿಚಾರಣೆ ನಡೆಯುತ್ತದೆ. ಠಾಣೆಯವರು ಅರ್ಜಿದಾರನ ಪೂರ್ವಚರಿತ್ರೆಯನ್ನು ಪರಿಶೀಲಿಸಿ ವರದಿ ಕಳುಹಿಸಬೇಕು; ಇದಕ್ಕೆ ನಿಯಮಗಳು 30 ದಿನಗಳ ಅವಧಿ ನೀಡಿವೆ. ವರದಿ ಬಂದ 60 ದಿನಗಳೊಳಗೆ ಪರವಾನಗಿ ಪ್ರಾಧಿಕಾರಿಯು ತೀರ್ಮಾನ ಕೈಗೊಳ್ಳಬೇಕು. ಆಸ್ತಿಪಾಸ್ತಿ ಸಾಕಷ್ಟಿಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಮತ್ತು ಅರ್ಜಿದಾರನು ಮೇಲ್ಮನವಿ ಸಲ್ಲಿಸಬಹುದು. ಆದುದರಿಂದ ಮಧ್ಯವರ್ತಿಗಳ ಮಾತಿಗೆ ಮರುಳಾಗಿ ಹಣ ಸುರಿಯುವ ಅಗತ್ಯವಿಲ್ಲ. ಇಂದು ಪ್ರತಿ ಪರವಾನಗಿದಾರನಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಪ್ರತ್ಯೇಕ ಗುರುತಿನ ಸಂಖ್ಯೆ ದೊರೆಯುತ್ತದೆ.

ಅಧಿನಿಯಮದ 13ನೆಯ ಪ್ರಕರಣದಲ್ಲಿ ಗಮನಾರ್ಹವಾದ ಒಂದು ಭೇದವಿದೆ. ರಕ್ಷಣೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೊಳವೆಯ ಉದ್ದ ಕೋವಿಯನ್ನು ಕೇಳುವವನ ವಿಷಯದಲ್ಲಿ ಕಾನೂನು ತಕ್ಕಮಟ್ಟಿಗೆ ಉದಾರವಾಗಿದೆ. ರಿವಾಲ್ವರ್ ಅಥವಾ ಪಿಸ್ತೂಲನ್ನು ಕೇಳುವವನು ಮಾತ್ರ ತಕ್ಕ ಕಾರಣವುಂಟೆಂದು ಪ್ರಾಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಜೇಬಿನಲ್ಲಿ ಅಡಗಿಸಬಹುದಾದ ಆಯುಧವು ದುರುಪಯೋಗಕ್ಕೆ ಸುಲಭವಾಗಿ ಒದಗುತ್ತದೆಂಬುದು ತಿಳಿದ ಸಂಗತಿ. ಬೆದರಿಕೆ ಬಂದಿದ್ದರೆ ಅದರ ಬಗ್ಗೆ ಠಾಣೆಯಲ್ಲಿ ದೂರು ನೀಡಿ, ಸ್ವೀಕೃತಿಯನ್ನು ಅರ್ಜಿಯೊಡನೆ ಲಗತ್ತಿಸುವುದು ವಿವೇಕದ ಕೆಲಸ.

ಇನ್ನು ಆಯ್ಕೆಯ ವಿಚಾರ. ಸೇನೆ ಮತ್ತು ಪೊಲೀಸರು ಬಳಸುವ 9 ಮಿಲಿಮೀಟರ್ ಮುಂತಾದ ಅಳತೆಗಳು ನಿಷೇಧಿತ ವರ್ಗಕ್ಕೆ ಸೇರಿವೆ; ಸಾಮಾನ್ಯ ನಾಗರಿಕನಿಗೆ ಅವು ದೊರೆಯುವುದಿಲ್ಲ. ಆತನ ಪಾಲಿಗೆ ಇರುವುವು ಮುಖ್ಯವಾಗಿ .32 ಮತ್ತು .22 ಅಳತೆಯವು. ವಿದೇಶಿ ಆಯುಧಗಳ ಆಮದು ಸಾಮಾನ್ಯ ನಾಗರಿಕರಿಗೆ 1980ರ ದಶಕದಿಂದ ಮುಚ್ಚಿದ ದಾರಿ. ಆದುದರಿಂದ ಹೆಚ್ಚಿನವರು ಕೊಳ್ಳುವುದು ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದ .32 ರಿವಾಲ್ವರ್ ಅಥವಾ .32 ಪಿಸ್ತೂಲನ್ನು. ಕಾನ್ಪುರದ ಕಾರ್ಖಾನೆಯೊಂದು 2014ರಲ್ಲಿ ಮಹಿಳೆಯರನ್ನು ಗಮನದಲ್ಲಿಟ್ಟು, ಸುಮಾರು 500 ಗ್ರಾಂ ತೂಕದ 'ನಿರ್ಭೀಕ್' ಎಂಬ .32 ರಿವಾಲ್ವರನ್ನು ಹೊರತಂದಿತು. ಈ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನೆನ್ಸ್ ಕಾರ್ಖಾನೆ ಮಂಡಳಿಯು 2021ರ ಅಕ್ಟೋಬರ್ 1ರಿಂದ ಏಳು ಸಾರ್ವಜನಿಕ ಕಂಪನಿಗಳಾಗಿ ವಿಂಗಡಣೆಗೊಂಡಿದೆ.

ರಿವಾಲ್ವರ್ ಮತ್ತು ಪಿಸ್ತೂಲುಗಳ ವ್ಯತ್ಯಾಸವನ್ನು ಕೊಳ್ಳುವ ಮುನ್ನವೇ ತಿಳಿಯಬೇಕು. ರಿವಾಲ್ವರಿನಲ್ಲಿ ತಿರುಗುವ ಗಾಲಿಯೊಳಗೆ ಸಾಮಾನ್ಯವಾಗಿ ಆರು ತೋಟೆಗಳು ಕುಳಿತಿರುತ್ತವೆ. ಅದನ್ನು ತೆರೆದರೆ ಒಳಗೆ ತೋಟೆ ಇದೆಯೋ ಇಲ್ಲವೋ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪಿಸ್ತೂಲಿನಲ್ಲಿ ತೋಟೆಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿರುತ್ತವೆ; ಒಂದು ಗುಂಡು ಹಾರಿದೊಡನೆ ಇನ್ನೊಂದು ತೋಟೆ ತಾನಾಗಿಯೇ ನಳಿಗೆಯ ಬುಡಕ್ಕೆ ಸರಿಯುತ್ತದೆ. ಇಲ್ಲಿಯೇ ಅನನುಭವಿಗಳು ಎಡವುತ್ತಾರೆ. ಮ್ಯಾಗಜಿನ್ ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಬರಿದಾಗುವುದಿಲ್ಲ. ನಳಿಗೆಯ ಬುಡದಲ್ಲಿ ಒಂದು ತೋಟೆ ಉಳಿದಿರಬಹುದು. "ಖಾಲಿಯಿತ್ತು" ಎಂದು ನಂಬಿದ ಆಯುಧದಿಂದಲೇ ಅನೇಕ ಅನಾಹುತಗಳು ಜರುಗುತ್ತವೆ. ಮೊದಲ ಬಾರಿಗೆ ಆಯುಧ ಹೊಂದುವವರಿಗೆ ರಿವಾಲ್ವರೇ ಸರಳವೆಂದು ಅನುಭವಿಗಳು ಹೇಳುವುದು ಈ ಕಾರಣಕ್ಕಾಗಿಯೇ. ಹಿಡಿಯು ಕೈಗೆ ಹೊಂದುವುದೇ, ಟ್ರಿಗರನ್ನು ಒತ್ತುವಷ್ಟು ಬೆರಳಿಗೆ ಬಲವಿದೆಯೇ ಎಂಬುದನ್ನು ಪರವಾನಗಿ ಹೊಂದಿದ ವ್ಯಾಪಾರಿಯ ಅಂಗಡಿಯಲ್ಲಿ ಪರೀಕ್ಷಿಸಿ ನಿರ್ಧರಿಸಬೇಕು. ತೀರ ಹಗುರವಾದ ಆಯುಧವು ಒಯ್ಯಲು ಹಿತವಾದರೂ ಗುಂಡು ಹಾರಿದಾಗ ಕೈಯನ್ನು ಹೆಚ್ಚು ಅದುರಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಬೆಲೆ ಕಡಿಮೆಯೆಂದು ನಾಡಪಿಸ್ತೂಲಿಗೆ ಕೈಹಾಕುವುದು ಎರಡು ಬಗೆಯ ವಿಪತ್ತು. ಅದು ಬಳಸಿದವನ ಕೈಯಲ್ಲಿಯೇ ಸಿಡಿಯಬಹುದು. ಅಲ್ಲದೆ, 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ಬಂದೂಕು ಹೊಂದಿದವನಿಗೆ ಎರಡರಿಂದ ಐದು ವರ್ಷಗಳವರೆಗೆ ಕಾರಾಗೃಹವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ.

ಆಯುಧವನ್ನು ಕೊಂಡ ದಿನದಿಂದ ಹೊಣೆ ಆರಂಭವಾಗುತ್ತದೆ. ಎಲ್ಲ ದೇಶಗಳ ತರಬೇತುದಾರರೂ ಬೋಧಿಸುವ ಸೂತ್ರಗಳು ನಾಲ್ಕು. ಪ್ರತಿಯೊಂದು ಬಂದೂಕಿನಲ್ಲಿಯೂ ತೋಟೆಯಿದೆ ಎಂದೇ ಭಾವಿಸಿ ನಡೆದುಕೊಳ್ಳಬೇಕು. ಗುಂಡು ತಗುಲಬಾರದ ಯಾವುದರ ಕಡೆಗೂ ನಳಿಗೆಯನ್ನು ತಿರುಗಿಸಬಾರದು. ಗುರಿ ನಿಶ್ಚಯವಾಗುವವರೆಗೆ ಟ್ರಿಗರಿನ ಮೇಲೆ ಬೆರಳಿಡಬಾರದು. ಗುರಿಯ ಹಿಂದೆ ಯಾರಿದ್ದಾರೆ, ಏನಿದೆ ಎಂಬುದನ್ನು ತಿಳಿದಿರಬೇಕು. ಒಂದೇ ಗೋಡೆಯ ಆಚೆ ಇನ್ನೊಂದು ಸಂಸಾರ ವಾಸಿಸುವ ನಗರದ ಫ್ಲ್ಯಾಟುಗಳಲ್ಲಿ ನಾಲ್ಕನೆಯ ಸೂತ್ರವು ಎಲ್ಲಕ್ಕಿಂತ ಮುಖ್ಯವಾದುದು.

ಮನೆಯಲ್ಲಿ ಆಯುಧವನ್ನು ತೋಟೆ ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಡಬೇಕು. ತೋಟೆಗಳನ್ನು ಬೇರೆಡೆ ಬೀಗದಲ್ಲಿಡಬೇಕು. ಬೀಗದ ಕೈ ಪರವಾನಗಿದಾರನ ವಶದಲ್ಲಿಯೇ ಇರತಕ್ಕದ್ದು. ಬೀರುವಿನ ಸೀರೆಗಳ ಕೆಳಗೆ, ದಿಂಬಿನಡಿ ಅಥವಾ ದೇವರ ಮನೆಯ ಅಟ್ಟದಲ್ಲಿ ಇಟ್ಟರೆ ಮಕ್ಕಳ ಕಣ್ಣಿಗೆ ಬೀಳದು ಎಂಬುದು ಭ್ರಮೆ. ದೊಡ್ಡವರು ಬಚ್ಚಿಟ್ಟದ್ದನ್ನು ಮೊದಲು ಕಂಡುಹಿಡಿಯುವವರು ಮಕ್ಕಳೇ.

ಇದಕ್ಕಿಂತಲೂ ಸೂಕ್ಷ್ಮವಾದ ವಿಷಯವೊಂದಿದೆ. ಮನೆಯಲ್ಲಿರುವ ಬಂದೂಕು ಹೊರಗಿನ ಶತ್ರುವಿಗಿಂತ ಮನೆಯವರಿಗೇ ಹೆಚ್ಚು ಹತ್ತಿರ. ಪರೀಕ್ಷೆಯಲ್ಲಿ ಸೋತ ಮಗ, ಸಾಲದಲ್ಲಿ ಮುಳುಗಿದ ತಂದೆ, ಸಂಗಾತಿಯನ್ನು ಕಳೆದುಕೊಂಡ ಹಿರಿಯರು ಒಂದು ಗಳಿಗೆಯ ನಿರಾಶೆಯಲ್ಲಿ ಅದರ ಕಡೆಗೆ ಕೈ ಚಾಚಬಹುದು. ಬೇರೆ ಹಲವು ಸಂದರ್ಭಗಳಲ್ಲಿ ಮನಸ್ಸು ತಿಳಿಯಾಗಲು ಸಮಯ ದೊರೆಯುತ್ತದೆ. ಬಂದೂಕು ಆ ಸಮಯವನ್ನು ಕೊಡುವುದಿಲ್ಲ. ಮನೆಯಲ್ಲಿ ಯಾರಾದರೂ ಖಿನ್ನತೆಯಿಂದಲೋ ಕುಡಿತದಿಂದಲೋ ಬಳಲುತ್ತಿದ್ದರೆ ಆಯುಧವನ್ನು ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ಅಥವಾ ಠಾಣೆಯಲ್ಲಿ ಠೇವಣಿಯಾಗಿ ಇಡುವುದು ಒಳ್ಳೆಯದು. ಇದರಲ್ಲಿ ಸಂಕೋಚಪಡುವಂಥದೇನೂ ಇಲ್ಲ. ಮನೋವ್ಯಥೆಯಲ್ಲಿರುವವರಿಗಾಗಿ ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿ 14416 ಉಚಿತವಾಗಿ ಲಭ್ಯವಿದೆ.

ಮನೆಯ ಹೊರಗೂ ಕೆಲವು ಕಟ್ಟುಪಾಡುಗಳಿವೆ. ಆಯುಧವನ್ನು ಚೀಲದಲ್ಲಿ ಮುಚ್ಚಿ, ತನ್ನ ಹತೋಟಿಯಲ್ಲಿಯೇ ಒಯ್ಯಬೇಕು, ಪ್ರದರ್ಶಿಸುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವನಿಗೆ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗಿನ ಕಾರಾಗೃಹವಾಸ, ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡೂ ವಿಧಿಸಬಹುದು. ವಿಮಾನ ಪ್ರಯಾಣಕ್ಕೆ ಮುನ್ನ ಕೈಚೀಲದ ಮೂಲೆಮೂಲೆಯನ್ನೂ ಪರೀಕ್ಷಿಸಬೇಕು. ಮರೆತು ಉಳಿದ ಒಂದೇ ಒಂದು ತೋಟೆಯೂ ನಿಲ್ದಾಣದಲ್ಲಿ ಮೊಕದ್ದಮೆಗೆ ಕಾರಣವಾಗಬಹುದು. ಆಯುಧ ಕಳೆದುಹೋದರೆ ತಡಮಾಡದೆ ಸಮೀಪದ ಠಾಣೆಗೆ ತಿಳಿಸಬೇಕು. ಚುನಾವಣೆಯ ಕಾಲದಲ್ಲಿ ಆಜ್ಞೆಯಾದರೆ ಠೇವಣಿ ಇಡಬೇಕು.

ವರ್ಗಾವಣೆಯ ನಿಮಿತ್ತ ಊರಿಂದೂರಿಗೆ ಹೋಗುವ ಹೊರನಾಡ ಕನ್ನಡಿಗರು ಇನ್ನೊಂದು ಅಂಶವನ್ನು ಗಮನಿಸಬೇಕು. ಪರವಾನಗಿಯು ಯಾವ ಪ್ರದೇಶದಲ್ಲಿ ಊರ್ಜಿತವೆಂಬುದನ್ನು ಅದರಲ್ಲಿಯೇ ನಮೂದಿಸಿರುತ್ತಾರೆ. ಬೆಂಗಳೂರಿನ ಪರವಾನಗಿಯೊಡನೆ ಪುಣೆಗೆ ಆಯುಧವನ್ನು ಒಯ್ಯುವ ಮುನ್ನ ಅದು ಅಲ್ಲಿ ಊರ್ಜಿತವೇ ಎಂದು ನೋಡಬೇಕು. ಹೊಸ ವಾಸಸ್ಥಳದ ಪ್ರಾಧಿಕಾರಿಗೆ ನಿಗದಿತ ಅವಧಿಯೊಳಗೆ ಮಾಹಿತಿ ನೀಡಬೇಕು. ಪರವಾನಗಿಯ ಅವಧಿಯು 2019ರ ತಿದ್ದುಪಡಿಯಿಂದ ಮೂರರ ಬದಲು ಐದು ವರ್ಷಗಳಾಗಿದೆ. ಒಬ್ಬನು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿದಾರನು ತೀರಿಕೊಂಡರೆ ಆಯುಧವು ಒಡವೆಯಂತೆ ತಾನಾಗಿಯೇ ಮಕ್ಕಳಿಗೆ ಸಲ್ಲುವುದಿಲ್ಲ. ಅದನ್ನು ಠೇವಣಿ ಇಟ್ಟು, ವಾರಸುದಾರನು ತನ್ನ ಹೆಸರಿನಲ್ಲಿ ಪರವಾನಗಿ ಕೋರಬೇಕು.

ಕಟ್ಟಕಡೆಯದು ಆಯುಧದ ಬಳಕೆಯ ಪ್ರಶ್ನೆ. ಪರವಾನಗಿಯು ಆಯುಧವನ್ನು ಹೊಂದಲು ಅನುಮತಿಯೇ ಹೊರತು ಗುಂಡು ಹಾರಿಸಲು ಅನುಮತಿಯಲ್ಲ. ಖಾಸಗಿ ರಕ್ಷಣೆಯ ಹಕ್ಕನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳು ವಿವರಿಸುತ್ತವೆ; ಮೊದಲು ಇವು ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಪ್ರಕರಣಗಳಲ್ಲಿದ್ದವು. ಸರ್ಕಾರಿ ರಕ್ಷಣೆಯನ್ನು ಕೋರಲು ಸಮಯವಿದ್ದಾಗ ಈ ಹಕ್ಕು ಇರುವುದಿಲ್ಲ. ರಕ್ಷಣೆಗೆ ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪ್ರಾಣಾಪಾಯ, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಮುಂತಾದವುಗಳ ಯುಕ್ತ ಭೀತಿಯಿದ್ದಾಗ ಮಾತ್ರ ದೇಹರಕ್ಷಣೆಯ ಹಕ್ಕು ಆಕ್ರಮಣಕಾರನ ಪ್ರಾಣ ತೆಗೆಯುವವರೆಗೆ ವಿಸ್ತರಿಸುತ್ತದೆ. ಭೀತಿ ಮುಗಿದ ಕ್ಷಣದಲ್ಲಿ ಆ ಹಕ್ಕೂ ಮುಗಿಯುತ್ತದೆ. ಮಾಲನ್ನು ಬಿಟ್ಟು ಓಡುವ ಕಳ್ಳನ ಬೆನ್ನಿಗೆ ಗುಂಡು ಹಾರಿಸುವುದು ಆತ್ಮರಕ್ಷಣೆಯಾಗಲಾರದು. ಕತ್ತಲಲ್ಲಿ ಬಾಗಿಲ ಬಳಿ ಕಂಡ ಆಕೃತಿ ತಡವಾಗಿ ಬಂದ ಮಗನೂ ಆಗಿರಬಹುದು.

ಆದುದರಿಂದ ಅರ್ಜಿಗೆ ಸಹಿ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಅಪಾಯವು ನಿಜವಾದುದೇ, ಊಹೆಯದೇ? ಗಟ್ಟಿ ಬಾಗಿಲು, ಒಳ್ಳೆಯ ಬೆಳಕು, ನೆರೆಹೊರೆಯವರ ವಿಶ್ವಾಸ, 112ಕ್ಕೆ ಕರೆ, ನಗದಿನ ಬದಲು ಬ್ಯಾಂಕಿನ ವ್ಯವಹಾರ ಇವುಗಳಿಂದ ಅದು ನೀಗಲಾರದೇ? ಮನೆಯವರೆಲ್ಲರ ಒಪ್ಪಿಗೆ ಇದೆಯೇ? ವರ್ಷವರ್ಷವೂ ಅಭ್ಯಾಸ ಮಾಡುವ ತಾಳ್ಮೆಯಿದೆಯೇ? ಕೋಪ ಬಂದಾಗ ಕೈ ತಡೆದುಕೊಳ್ಳುವ ಸ್ವಭಾವವಿದೆಯೇ? ಈ ಪ್ರಶ್ನೆಗಳಿಗೆ ನಿರ್ಮಲ ಮನಸ್ಸಿನಿಂದ ಉತ್ತರ ಕಂಡುಕೊಂಡವನು ಪರವಾನಗಿಯನ್ನು ಕೋರಿದರೂ ಸರಿಯೆ, ಆ ಯೋಚನೆಯನ್ನು ಕೈಬಿಟ್ಟರೂ ಸರಿಯೆ. ಬೆದರಿಕೆಗೆ ಒಳಗಾದ ನಾಗರಿಕನಿಗೆ ಕಾನೂನು ಒಂದು ದಾರಿಯನ್ನು ತೆರೆದಿಟ್ಟಿದೆ. ಆ ದಾರಿಯಲ್ಲಿ ನಡೆಯುವವನು ತನ್ನ ಪ್ರಾಣದಷ್ಟೇ ಎಚ್ಚರದಿಂದ ತನ್ನ ಮನೆಯವರ ಹಾಗೂ ನೆರೆಯವರ ಪ್ರಾಣವನ್ನೂ ಕಾಯತಕ್ಕದ್ದು.